ಫ್ಲೆಕ್ಸಿನ ಮೇಲಿನ ಬೀಗ

ನಾನು ದೇವರನ್ನು ಕಂಡುಕೊಂಡ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನನ್ನ ಸಹಾಯವಿಲ್ಲದೆಯೂ ಅದು ತಾನಾಗಿ ಎದ್ದು ನಿಂತು ಮಾತಾಡಬಲ್ಲದು. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಕನ್ನಡಕ ತೆಗೆದು ಒರೆಸಬೇಕು, ಯಾವ ಮಾತಿಗೆ ಹಾರ್ಮೋನಿಯಂನವನ ಕಡೆ ನೋಡಿದರೆ ಅವನು ಅಳುವ ಸ್ವರ ಹಿಡಿಯುತ್ತಾನೆ, ಎಲ್ಲ ಬಾಯಿಪಾಠ. ಕಥೆ ಹೀಗಿತ್ತು. ತಾಯಿಯಿಲ್ಲದ ಮಗು. ಕಲ್ಲೆದೆಯ ಸೋದರತ್ತೆ. ಬೆಳಗಿನಿಂದ ಸಂಜೆಯವರೆಗೆ ಬೀಗ ಹಾಕಿದ ಕತ್ತಲ ಕೋಣೆ. ಒಂದು ದಿನ ಬೀಗದ ಕಿಂಡಿಯಿಂದ ಒಳಬಂದ ಒಂದೇ ಒಂದು ಬೆಳಕಿನ ಕಿರಣ. ಅದರ ಹಿಂದೆಯೇ 'ಮಗನೇ' ಎಂಬ ದನಿ.

ಜನ ಅಳುತ್ತಿದ್ದರು. ನಾನೂ ಅಳುತ್ತಿದ್ದೆ. ಕಲಘಟಗಿಯಲ್ಲಿ ಒಮ್ಮೆ ಶಾಮಿಯಾನದವನು ಹಗ್ಗ ಬಿಗಿಯುವುದನ್ನು ಬಿಟ್ಟು ಅತ್ತ. ಆಮೇಲೆ ಶಾಮಿಯಾನದ ಆ ಮೂಲೆ ನಮ್ಮ ಮೇಲೆ ಕುಸಿದದ್ದು ಬೇರೆ ಮಾತು.

ಇದರಲ್ಲಿ ತಾಯಿಯಿಲ್ಲದ್ದು ನಿಜ. ಉಳಿದದ್ದನ್ನು ಬಿಚ್ಚಿ ನೋಡಬೇಕು. ಬಿಚ್ಚಿದ ಮೇಲೆ ಮತ್ತೆ ಇಷ್ಟು ಚಂದ ಮಡಚಲು ಬರುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನನ್ನನ್ನು ಸಾಕಿದವಳು ಅತ್ತಿ, ಅಪ್ಪನ ಅಕ್ಕ. ಊರು ನವಲಗುಂದ ತಾಲೂಕಿನ ತಿರ್ಲಾಪುರ. ಅವ್ವ ತೀರಿಕೊಂಡಾಗ ನನಗೆ ಮೂರು ವರ್ಷ ಎನ್ನುತ್ತಾರೆ. ಅಪ್ಪ ಗೋವಾದ ಬಂದರಿನಲ್ಲಿ ಕೆಲಸಕ್ಕೆ ಹೋದ, ಗದಗಿನ ಕಡೆಯ ಇನ್ನೊಬ್ಬಳನ್ನು ಮದುವೆಯಾದ, ನನ್ನನ್ನು ಸ್ವಲ್ಪ ದಿನದ ಮಟ್ಟಿಗೆ ಎಂದು ಅಕ್ಕನ ಮನೆಯಲ್ಲಿ ಬಿಟ್ಟ. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಅತ್ತಿ ಗಂಡ ಸತ್ತವಳು, ಮಕ್ಕಳಿಲ್ಲದವಳು. ಯಾರದೋ ಹೊಲದಲ್ಲಿ ಕಳೆ ತೆಗೆಯುವುದು, ಹತ್ತಿ ಬಿಡಿಸುವುದು ಅವಳ ಕೆಲಸ. ಅವಳು ಹೊರಟಾಗ ನಾನು ಒಳಗೆ, ಬಾಗಿಲು ಹೊರಗಿನಿಂದ ಭದ್ರ. ಒಳಗೆ ಎರಡು ರೊಟ್ಟಿ, ಒಂದು ಚೊಂಬು ನೀರು, ಒಂದು ಪುಟ್ಟಿ ಹತ್ತಿಕಾಯಿ.

ಬಾಗಿಲು ಭದ್ರವಾಗಿತ್ತು ಎಂಬುದರವರೆಗೆ ನನ್ನ ನೆನಪಿನ ಮೇಲೆ ನನಗೆ ವಿಶ್ವಾಸವಿದೆ. ಯಾವುದರಿಂದ ಭದ್ರವಾಗಿತ್ತು ಎಂದು ಕೇಳಿದರೆ ಅದು ದಿನಕ್ಕೊಂದು ಉತ್ತರ ಕೊಡುತ್ತದೆ.

ಹತ್ತಿಕಾಯಿ ಎಂದರೆ ಗಿಡದಲ್ಲಿ ಸರಿಯಾಗಿ ಒಡೆಯದೆ ಉಳಿದವು. ಸಂಜೆ ಬಿಡಿಸಿದರಾಯಿತು ಎಂದು ಅತ್ತಿ ತಂದಿಟ್ಟಿರುತ್ತಿದ್ದಳು. ಅವನ್ನು ನಾನು ಸಾಲಾಗಿ ಕೂಡಿಸಿ ಅವಕ್ಕೆ ಮಗ್ಗಿ ಹೇಳುತ್ತಿದ್ದೆ, ಬೈಯುತ್ತಿದ್ದೆ, ಜ್ವರ ಬಂದವಕ್ಕೆ ನೀರು ಚಿಮುಕಿಸುತ್ತಿದ್ದೆ. ನನ್ನ ಮೊದಲ ಸಭೆ ಅದು. ಈಗಿನ ಸಭೆಗಿಂತ ಶಿಸ್ತಿನದು. ಯಾರೂ ಆಕಳಿಸುತ್ತಿರಲಿಲ್ಲ, ಯಾರೂ ಮೊಬೈಲಿನಲ್ಲಿ ಹುಬ್ಬಳ್ಳಿಯ ಮದುವೆಯ ಫೋಟೋ ನೋಡುತ್ತಿರಲಿಲ್ಲ.

ಶಾಲೆಗೆ ಸೇರಿದ ಮೇಲೆ ಬಾಗಿಲು ತೆರೆಯಿತು. ಆದರೆ ಅಷ್ಟರಲ್ಲಿ ಒಳಗಿರುವುದೇ ನನಗೆ ರೂಢಿಯಾಗಿತ್ತು. ಬಯಲಲ್ಲಿ ಹುಡುಗರು 'ಏ ಪರದೇಶಿ, ಚೆಂಡ್ ತಾರಲೇ' ಎಂದು ಕೂಗಿದರೆ ಚೆಂಡು ತಂದುಕೊಟ್ಟು ಮತ್ತೆ ಗೋಡೆಯ ಪಕ್ಕ ನಿಲ್ಲುತ್ತಿದ್ದೆ. ಆಟಕ್ಕೆ ಕರೆದಿದ್ದರೆ ಹೋಗುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಅವರು ನನ್ನನ್ನು ಅಂಥ ಇಕ್ಕಟ್ಟಿಗೆ ಎಂದೂ ಸಿಕ್ಕಿಸಲಿಲ್ಲ.

ದೇವರ ವಿಷಯಕ್ಕೆ ಬರುತ್ತೇನೆ. ಅವನು ಬಂದದ್ದು ಫ್ಯಾನಿನ ರೂಪದಲ್ಲಿ.

ನನಗೆ ಆಗ ಹದಿನಾರೋ ಹದಿನೇಳೋ. ಅಪ್ಪ ಗೋವಾದಿಂದ ಗದಗಿಗೆ ಹೋಗುವಾಗ ರೈಲು ಅಣ್ಣಿಗೇರಿಯಲ್ಲಿ ನಿಲ್ಲುತ್ತದೆ, ಎರಡೇ ನಿಮಿಷ. ಆ ಎರಡು ನಿಮಿಷದಲ್ಲಿ ಕಿಟಕಿಯಿಂದ ನನ್ನನ್ನು ನೋಡುವುದು, ಒಂದು ಕ್ಯಾರಿಬ್ಯಾಗು ಕೊಡುವುದು, 'ಛಲೋ ಓದು' ಎನ್ನುವುದು. ನಮ್ಮ ತಂದೆ ಮಗನ ಸಂಬಂಧವನ್ನು ರೈಲ್ವೆಯವರೇ ಅಳತೆ ಮಾಡಿ ಕೊಟ್ಟಿದ್ದರು. ಆ ಭಾನುವಾರ ರೈಲು ಬಂತು. ನಾನು ಡಬ್ಬಿಯಿಂದ ಡಬ್ಬಿಗೆ ಓಡಿದೆ. ಅಪ್ಪ ಇರಲಿಲ್ಲ. ರೈಲು ಹೋಯಿತು.

(ಆ ದಿನ ಅಪ್ಪ ಕಿಟಕಿಯಿಂದ ಕೊಟ್ಟ ಆಕಾಶಬಣ್ಣದ ಅಂಗಿಯೂ ನನಗೆ ನೆನಪಿದೆ. ಬರದವನು ಅಂಗಿ ಹೇಗೆ ಕೊಟ್ಟ? ಎರಡೂ ನೆನಪನ್ನು ಇಟ್ಟುಕೊಂಡಿದ್ದೇನೆ.)

ನವಲಗುಂದಕ್ಕೆ ಬಸ್ಸು ಮಧ್ಯಾಹ್ನದ ಮೇಲೆ. ಬಿಸಿಲು ಬೆನ್ನು ಸುಡುತ್ತಿತ್ತು. ರಸ್ತೆಯ ಆಚೆ ತಗಡಿನ ಹಳೆಯ ಗೋದಾಮು, ಬಾಗಿಲು ತೆರೆದಿತ್ತು, ಒಳಗೆ ಮೂರು ಫ್ಯಾನು ಭರ್ರೆಂದು ತಿರುಗುತ್ತಿದ್ದವು. ಯಾರದೋ ಲಗ್ನವಿರಬೇಕೆಂದು ಒಳಹೊಕ್ಕು ಹಿಂದಿನ ಜಮಖಾನೆಯ ಮೇಲೆ ಕುಳಿತೆ. ಮುಂದೆ ಒಬ್ಬರು ಬಿಳಿ ಅಂಗಿಯಲ್ಲಿ ನಿಂತು ಯೇಸುವಿನ ಬಗ್ಗೆ ಮಾತಾಡುತ್ತಿದ್ದರು. ಕುಳಿತವರೆಲ್ಲ ಅಳುತ್ತಿದ್ದರು. ಐದು ನಿಮಿಷದಲ್ಲಿ ನನ್ನ ಕಣ್ಣಲ್ಲೂ ನೀರು ಬಂತು, ಮೂಗಲ್ಲೂ ಬಂತು. ಇದು ಪವಿತ್ರಾತ್ಮನ ಕೆಲಸವೆಂದು ಬಹಳ ಜನ ನಂಬಿದ್ದರು. ನಾನೂ ಎಷ್ಟೋ ತಿಂಗಳು ನಂಬಿದ್ದೆ. ಆಮೇಲೆ ತಿಳಿಯಿತು, ಆ ಗೋದಾಮಿನಲ್ಲಿ ಇಪ್ಪತ್ತು ವರ್ಷ ಒಣಮೆಣಸಿನಕಾಯಿ ತುಂಬಿಡುತ್ತಿದ್ದರಂತೆ. ಎಷ್ಟು ಗುಡಿಸಿದರೂ ನೆಲದ ಬಿರುಕಿನಲ್ಲಿ ಘಾಟು ಉಳಿದಿತ್ತು, ಫ್ಯಾನು ಹಾಕಿದೊಡನೆ ಏಳುತ್ತಿತ್ತು. ಫ್ಯಾನು ಹಾಕದ ಚಳಿಗಾಲದಲ್ಲಿ ನಮ್ಮ ಸಭೆಯಲ್ಲಿ ಪಶ್ಚಾತ್ತಾಪ ಕಡಿಮೆ.

ಕಣ್ಣೊರೆಸಿಕೊಂಡು, ಸೀನಿ, ನಾನು ನಿದ್ದೆಹೋದೆ. ಗೊರಕೆ ಹೊಡೆದೆನೆಂದು ಆಮೇಲೆ ಕೇಳಿದೆ.

ಎದ್ದಾಗ ಎಲ್ಲ ಖಾಲಿ. ಹೊರಗೆ ಪಾತ್ರೆ ತೊಳೆಯುವ ಸದ್ದು. ನನ್ನ ಪಕ್ಕದಲ್ಲಿ ಬಿಳಿಸೀರೆಯ ಮುದುಕಿಯೊಬ್ಬಳು ಗೋಡೆಗೊರಗಿ ಕುಳಿತಿದ್ದಳು. ಸರಕಾರಿ ದವಾಖಾನೆಯಿಂದ ನಿವೃತ್ತಳಾದ ನರ್ಸು, ಊರೆಲ್ಲ ಅವಳನ್ನು ನರ್ಸಬಾಯಿ ಎಂದೇ ಕರೆಯುವುದು. ಅದು ಆಗ ನನಗೆ ಗೊತ್ತಿರಲಿಲ್ಲ. ಅವಳ ಮುಂದೆ ಎರಡು ತಾಟು, ಮೇಲೆ ಮುಚ್ಚಿದ ಎರಡು ತಾಟು.

"ಎದ್ದೇನಪಾ? ಏಳ ಏಳ. ಹೊಟ್ಟಿ ಹಸದು ಸಾಯಾಕತ್ತೇನಿ ನಾನು."

"ನೀವು ಉಂಡಿಲ್ಲೇನ್ರಿ?"

"ನೀ ಮಕ್ಕೊಂಡಿದ್ದೆಲ್ಲ. ಒಬ್ಬನ್ನ ಬಿಟ್ಟು ಹ್ಯಾಂಗ ಉಣ್ಣೂದು?"

"ಎಬ್ಬಸಬೇಕಿತ್ತಿಲ್ರಿ."

"ಯಾಕ ಎಬ್ಬಸಲಿ? ನಿದ್ದಿ ಬಂದೋರು ಮಕ್ಕೋಬೇಕು, ಹಸದೋರು ಉಣ್ಣಬೇಕು. ಕೈ ತೊಳಕೋ ನಡಿ."

ಇಷ್ಟೇ. ದನಿ ಇಲ್ಲ, ಕಿರಣ ಇಲ್ಲ. ಒಬ್ಬ ಮುದುಕಿ ಯಾರೋ ಗೊತ್ತಿಲ್ಲದ ಹುಡುಗನ ನಿದ್ದೆ ಮುಗಿಯಲೆಂದು ಒಂದು ತಾಸು ಹಸಿದು ಕುಳಿತಿದ್ದಳು. ಅನ್ನ ತಣ್ಣಗಾಗಿತ್ತು, ಸಾರಿನ ಮೇಲೆ ಕೆನೆಗಟ್ಟಿತ್ತು. ಅಂದಿನವರೆಗೆ ನಾನು ಬೇರೆಯವರಿಗಾಗಿ ಕಾದಿದ್ದೆ. ನನಗಾಗಿ ಯಾರೂ ಕಾದ ನೆನಪಿರಲಿಲ್ಲ. ಈ ಊಟದ ಬಗ್ಗೆ ಹೆಚ್ಚು ಬರೆದರೆ ಇದೂ ಚಂದವಾಗಿಬಿಡುತ್ತದೆ, ಬಿಡುತ್ತೇನೆ.

ಮುಂದಿನ ಭಾನುವಾರವೂ ಹೋದೆ. ಅದರ ಮುಂದಿನದ್ದಕ್ಕೂ. ನರ್ಸಬಾಯಿ ಯೇಸುವಿನ ಕಥೆಗಳನ್ನು ತನ್ನ ವಾರ್ಡಿನ ರೋಗಿಯ ಕಥೆಯಂತೆ ಹೇಳುತ್ತಿದ್ದಳು. ಸತ್ತು ಎದ್ದು ಬಂದ ಮೇಲೆ ಅವನು ಗೆಳೆಯರಿಗಾಗಿ ನೀರಿನ ದಂಡೆಯಲ್ಲಿ ಕೆಂಡ ಮಾಡಿ ಮೀನು ಸುಡುತ್ತ ಕಾದು ಕುಳಿತಿದ್ದನಂತೆ. ಆಕಾಶದಲ್ಲಿ ಮಿಂಚಿ ತೋರಿಸಬಹುದಿತ್ತು. ಅದನ್ನು ಬಿಟ್ಟು ಅಡುಗೆ ಮಾಡಿದ. ಅಂಥ ದೇವರನ್ನು ನಂಬಬಹುದು ಎಂದು ನನಗೆ ಆಗಲೂ ಅನಿಸಿತು, ಈಗಲೂ ಅನಿಸುತ್ತದೆ. ಉಳಿದೆಲ್ಲದರ ಮೇಲೆ ನನಗಿರುವ ಅನುಮಾನ ಇದರ ಮೇಲಿಲ್ಲ.

ತಿರ್ಲಾಪುರದಲ್ಲಿ ಸುದ್ದಿ ನನಗಿಂತ ಮೊದಲೇ ಬಸ್ಸಿಳಿದಿತ್ತು. ಚಹಾದಂಗಡಿಯವರು ಕೇಳಿದರು: "ಏನ್ ಕೊಟ್ರಲೇ ಅವ್ರು?" ಅತ್ತಿಯೂ ಅದನ್ನೇ ಕೇಳಿದಳು, ರೊಟ್ಟಿ ಬಡಿಯುತ್ತ, ನನ್ನ ಮುಖ ನೋಡದೆ.

"ಏನ್ ಕೊಟ್ರಲೇ ನಿನಗ?"

"ಊಟ, ಅತ್ತಿ."

ಬಡಿಯುತ್ತಿದ್ದ ಕೈ ನಿಂತಿತು. "ಊಟಾ? ನಾ ಏನ್ ಮಣ್ಣ ಹಾಕಿ ಬೆಳಸೇನೇನ್ ನಿನ್ನ?"

ಆ ಪ್ರಶ್ನೆಗೆ ಉತ್ತರ ಹೇಳಲು ನನಗೆ ಹನ್ನೆರಡು ವರ್ಷ ಬೇಕಾಯಿತು. ಹೇಳಿದ್ದೂ ತಪ್ಪಾಗಿತ್ತು.

ನನ್ನ ದೀಕ್ಷಾಸ್ನಾನ ಮೂರು ಸಲ ಮುಂದೆ ಹೋಯಿತು. ನಮ್ಮ ಸಭೆಯಲ್ಲಿ ಕಾಲುವೆಯಲ್ಲಿ ಮುಳುಗಿಸುವ ಪದ್ಧತಿ, ಕಾಲುವೆಗೆ ನೀರು ಬಿಡುವುದು ನೀರಾವರಿ ಇಲಾಖೆಯ ಮರ್ಜಿ. ನಾನು ಯಾವ ದಿನ ಹೊಸ ಮನುಷ್ಯನಾಗಬೇಕೆಂದು ಕೊನೆಗೆ ಗೇಟು ತಿರುಗಿಸುವ ನೌಕರ ತೀರ್ಮಾನಿಸಿದ. ನೀರು ಮಣ್ಣುಬಣ್ಣದ್ದು, ರಭಸದ್ದು. ಹಳೆಯವನು ಮುಳುಗಿ ಹೊಸಬ ಏಳುತ್ತಾನೆ ಎನ್ನುತ್ತಾರೆ. ಎದ್ದವನ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಪಾಪಾ ಕಳಕೊಂಡ ಬರ್ತೇನಿ ಅಂತ ಹೋಗಿ ಚಪ್ಪಲಿ ಕಳಕೊಂಡ ಬಂದ್ಯಲ್ಲಲೇ ಮಗನ" ಎಂದಳು ಅತ್ತಿ. ಉಳಿದ ಒಂದು ಚಪ್ಪಲಿಯನ್ನು ವರ್ಷಗಟ್ಟಲೆ ಬಾಗಿಲ ಹಿಂದೆ ಇಟ್ಟಿದ್ದಳು, ಇನ್ನೊಂದು ತೇಲಿ ಬಂದರೆ ಇರಲಿ ಎಂದು.

ಈಗ ಬೀಗ ಎಲ್ಲಿಂದ ಬಂತು ಹೇಳುತ್ತೇನೆ.

ನಮ್ಮಲ್ಲಿ ಹೊಸದಾಗಿ ನಂಬಿದವನು ಎದ್ದುನಿಂತು ಸಾಕ್ಷಿ ಹೇಳಬೇಕು. ಮೊದಲು ಹೇಗಿದ್ದೆ, ಹೇಗೆ ಬದಲಾದೆ, ಈಗ ಹೇಗಿದ್ದೇನೆ. ಕುಡುಕ ಕುಡಿತ ಬಿಟ್ಟದ್ದನ್ನು ಹೇಳುತ್ತಾನೆ, ಹೆಂಡತಿಯನ್ನು ಹೊಡೆಯುತ್ತಿದ್ದವನು ಹೆಂಡತಿಯ ಎದುರಿಗೇ ಅದನ್ನು ಹೇಳುತ್ತಾನೆ, ಅವಳು ತಲೆ ತಗ್ಗಿಸುತ್ತಾಳೆ. ನಾನು ಎದ್ದು, ಬಿಸಿಲಿತ್ತು, ಫ್ಯಾನು ಕಂಡಿತು, ಮಲಗಿದೆ, ಊಟ ಕೊಟ್ಟರು ಎಂದೆ. ಒಬ್ಬರೂ 'ಸ್ತೋತ್ರ' ಎನ್ನಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಆರಾಧನೆ ಮುಗಿದ ಮೇಲೆ ಬಿಳಿ ಅಂಗಿಯ ಸಭಾಪಾಲಕರು, ನಾವೆಲ್ಲ ಅಯ್ಯನವರು ಎನ್ನುವವರು, ನನ್ನನ್ನು ಬೇವಿನಮರದ ಕೆಳಗೆ ಕರೆದರು.

"ತಮ್ಮಾ, ಫ್ಯಾನಿನ ಗಾಳಿಗೆ ರಕ್ಷಣೆ ಆತು ಅಂದ್ರ ಯಾರ ನಂಬ್ತಾರು? ಬೆಳಕ ಕಾಣಬೇಕಂದ್ರ ಮದಲ ಕತ್ತಲಿ ಬೇಕು. ಕುಡೀತಿದ್ದೇನು?"

"ಇಲ್ರಿ."

"ಇಸ್ಪೀಟು?"

"ಬರಂಗಿಲ್ರಿ."

"ಯಾರನ್ನರ ಹೊಡದೀಯೇನು?"

"ಹೊಡಸ್ಕೊಂಡೇನ್ರಿ."

ಅಯ್ಯನವರ ಮುಖ ಅರಳಿತು. "ಹಾಂ! ಅದನ್ನ ಹೇಳು. ಯಾರ ಹೊಡದ್ರು?"

ಅವರು ಕೆಟ್ಟವರಲ್ಲ. ಒಳ್ಳೆಯ ಸರಕಿಗೆ ಒಳ್ಳೆಯ ಚೀಲ ಬೇಕು ಎಂದು ನಂಬಿದ್ದವರು. ಅತ್ತಿ ನನ್ನನ್ನು ಹೊಡೆದದ್ದು ಎರಡೋ ಮೂರೋ ಸಲ, ಅದೂ ಬಾವಿಯ ಕಟ್ಟೆ ಹತ್ತಿದ್ದಕ್ಕೆ. ಅದನ್ನು ಹೇಳಿದೆ. ಅವರಿಗೆ ಸಾಲಲಿಲ್ಲ. ಬಾಗಿಲು ಮುಚ್ಚುತ್ತಿದ್ದಳು ಎಂದೆ. ಅವರು ಮುಂದೆ ಬಾಗಿ ಕೇಳಿದರು: "ಕೀಲಿ ಹಾಕಿ?" ನಮ್ಮ ಕಡೆ ಬೀಗಕ್ಕೆ ಕೀಲಿ ಎನ್ನುತ್ತಾರೆ. ನಾನು ಒಂದು ಕ್ಷಣ ಯೋಚಿಸಿ, ಅಥವಾ ಯೋಚಿಸದೆ, "ಹೌದ್ರಿ" ಎಂದೆ.

ಆ 'ಹೌದ್ರಿ'ಯ ಮೇಲೆ ನಾನು ಹನ್ನೆರಡು ವರ್ಷ ಬದುಕಿದೆ. ಮೊದಲ ವರ್ಷ ಅದು ಸಾದಾ ಬೀಗ. ಕುಂದಗೋಳದ ಪ್ರಾರ್ಥನಾಕೂಟಕ್ಕೆ ಹೋಗುವಷ್ಟರಲ್ಲಿ ತುಕ್ಕು ಹಿಡಿದ ದೊಡ್ಡ ಬೀಗವಾಗಿತ್ತು. ಅಳ್ನಾವರದಲ್ಲಿ ಅದಕ್ಕೆ ಕಬ್ಬಿಣದ ಸರಪಳಿ ಬಂತು. ಎರಡು ರೊಟ್ಟಿ ಒಂದಾಯಿತು, ಒಂದು ಒಣಗಿದ ತುಂಡಾಯಿತು. ಅತ್ತಿ ಎತ್ತರವಾದಳು, ಕಪ್ಪಾದಳು, ಅವಳ ದನಿ ಗಡಸಾಯಿತು. ಹತ್ತಿಕಾಯಿಗಳನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ. ಅವು ಇದ್ದರೆ ಕತ್ತಲೆ ಕೆಡುತ್ತಿತ್ತು.

ವಿಚಿತ್ರವೆಂದರೆ ಕ್ರಮೇಣ ನನಗೆ ಬೀಗ ನೆನಪಾಗತೊಡಗಿತು. ಅದರ ತಣ್ಣನೆಯ ಕಬ್ಬಿಣದ ರುಚಿ ನಾಲಿಗೆಯ ಮೇಲೆ ಇವತ್ತಿಗೂ ಇದೆ. ಹೊರಗೆ ಹಾಕಿದ ಬೀಗವನ್ನು ಒಳಗಿದ್ದ ನಾನು ನೆಕ್ಕಿದ್ದು ಹೇಗೆ ಎಂದು ನಾನೂ ಕೇಳಲಿಲ್ಲ, ಸಭೆಯೂ ಕೇಳಲಿಲ್ಲ.

ಆದರೆ ಕರೆ ಎನ್ನುವುದು, ಅಂದರೆ ಈ ಕೆಲಸವನ್ನೇ ಮಾಡಬೇಕು ಎಂದು ಒಳಗಿನಿಂದ ತಿಳಿಯುವುದು, ಇದಾವುದಕ್ಕೂ ಸಂಬಂಧವಿಲ್ಲದೆ ಬಂತು. ಭಾನುವಾರ ಮಧ್ಯಾಹ್ನ ನರ್ಸಬಾಯಿ ಬಿಪಿ ನೋಡುವ ಯಂತ್ರ ಹಿಡಿದು ಅಣ್ಣಿಗೇರಿಯ ಓಣಿಗಳಲ್ಲಿ ಒಬ್ಬೊಬ್ಬರೇ ಇರುವವರ ಮನೆಗೆ ಹೋಗುತ್ತಿದ್ದಳು. ಜಾತಿ ಧರ್ಮ ಕೇಳುತ್ತಿರಲಿಲ್ಲ, ಪ್ರಾರ್ಥನೆಯ ಮಾತೂ ಎತ್ತುತ್ತಿರಲಿಲ್ಲ. ಎಲ್ಲ ಮನೆಗೂ ಹೋಗಲು ಅವಳ ಮೊಣಕಾಲು ಒಪ್ಪದಾದಾಗ ನನ್ನನ್ನು ಒಬ್ಬ ಮುದುಕನ ಮನೆಗೆ ಕಳಿಸಿದಳು. "ಏನ್ ಮಾಡ್ಲಿ ಹೋಗಿ?" ಎಂದೆ. "ಕುಂದ್ರು" ಎಂದಳು.

ಕುಳಿತೆ. ಮುದುಕ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಬೇರೆಯವರಾಗಿದ್ದರೆ ಹತ್ತು ನಿಮಿಷಕ್ಕೆ ಎದ್ದುಬಿಡುತ್ತಿದ್ದರು. ಮುಚ್ಚಿದ ಮನೆಯಲ್ಲಿ ಸುಮ್ಮನೆ ಕೂರುವುದರಲ್ಲಿ ನಾನು ಬಾಲ್ಯದಿಂದ ತಯಾರಾದವನು. ನಾಲ್ಕು ಭಾನುವಾರ ಹೀಗೇ ಕಳೆಯಿತು. ಐದನೆಯ ಭಾನುವಾರ ಏಳುವಾಗ ಮುದುಕ ಕೇಳಿದ:

"ನಾಳೆ ಬರ್ತೀಯೇನು?"

"ನಾಳೆ ಸೋಮವಾರ್ರಿ."

"ಹಂಗಾರ ಸೋಮವಾರ ಬಾ."

ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವವಳ ಬುಟ್ಟಿಯ ಪಕ್ಕ ನಿಂತು ನಾನು ಮೊದಲ ಸಲ ಯಾರೂ ಹೇಳಿಕೊಡದ ಪ್ರಾರ್ಥನೆ ಮಾಡಿದೆ. 'ಇದನ್ನು ನನ್ನಿಂದ ಕಸಿದುಕೊಳ್ಳಬೇಡ' ಎಂದೆ. ಅಷ್ಟೇ ಪ್ರಾರ್ಥನೆ. ನನ್ನ ಜೀವನದಲ್ಲಿ ನಾನು ಬೇಡಿದ್ದು ಅದೊಂದೇ.

ಸೋಮವಾರ ಹೋದೆ. ಮುಂದೆ ಹಿರಿಯರ ಮಂಡಳಿ ನನ್ನನ್ನು ದೇವಶಾಸ್ತ್ರ ಓದಲು ಕಳಿಸಿತು. ಮುದುಕನ ಮನೆಯಲ್ಲಿ ಕುಳಿತದ್ದಕ್ಕಾಗಿ ಅಲ್ಲ, ಬೀಗಕ್ಕಾಗಿ. ಇಂಥ ಸಾಕ್ಷಿ ಇರುವವನು ನಮ್ಮ ಸಭೆಗೆ ಸಿಕ್ಕದ್ದು ಭಾಗ್ಯ ಎಂದು ಹಿರಿಯರು ಪತ್ರದಲ್ಲಿ ಬರೆದರು. ಓದಿ ಬಂದೆ. ಸಭಾಪಾಲಕನ ದೀಕ್ಷೆಗೆ ದಿನ ಗೊತ್ತಾಯಿತು.

ದೀಕ್ಷೆಯಲ್ಲಿ ಎರಡು ಮುಖ್ಯ ಘಟ್ಟ. ಒಂದು, ಅಭ್ಯರ್ಥಿ ಕೊನೆಯ ಸಲ ಎಲ್ಲರೆದುರು ಸಾಕ್ಷಿ ಹೇಳಬೇಕು. ಎರಡು, ಅಯ್ಯನವರು ಸಭೆಯನ್ನು ಕೇಳುತ್ತಾರೆ: ಇವರನ್ನು ಈ ಸೇವೆಗೆ ನೇಮಿಸಲು ಯಾರಿಗಾದರೂ ಅಡ್ಡಿ ಇದೆಯೋ? ಎಲ್ಲರೂ ಸುಮ್ಮನಿರುತ್ತಾರೆ. ಮೂರು ಎಣಿಸುವಷ್ಟು ಹೊತ್ತು ಬಿಟ್ಟು ತಲೆಯ ಮೇಲೆ ಕೈಯಿಡುತ್ತಾರೆ. ಅತ್ತಿಗೆ ನಾನು ಏನೂ ಹೇಳಿರಲಿಲ್ಲ. ಅಣ್ಣಿಗೇರಿಯಲ್ಲಿ ಸಣ್ಣ ಕಾರ್ಯಕ್ರಮ, ನೀ ಯಾಕ ಬಿಸಲಾಗ ಬರ್ತಿ, ಎಂದಿದ್ದೆ.

ಆ ಭಾನುವಾರ ಬೆಳಿಗ್ಗೆ ಗೋದಾಮಿನ ಎದುರು ಹೋದವನು ಅಲ್ಲೇ ನಿಂತೆ. ಬಾಗಿಲ ಮೇಲೆ ಹೊಸ ಫ್ಲೆಕ್ಸು. ಒಂದು ಕಡೆ ನನ್ನ ಮುಖ, ಬಣ್ಣ ಹೆಚ್ಚಾಗಿ ಮದುವಣಗಿತ್ತಿಯಂತೆ ಕಾಣುವ ನನ್ನ ಮುಖ. ಇನ್ನೊಂದು ಕಡೆ ನನ್ನ ಮುಖದ ಎರಡರಷ್ಟು ದೊಡ್ಡ ಬೀಗ. ನಡುವೆ ಅಕ್ಷರ: ಬೀಗದ ಮನೆಯಿಂದ ಬೆಳಕಿನ ಸೇವೆಗೆ. ಅದರ ಕೆಳಗೆ, ಸರಿಯಾಗಿ ಬೀಗದ ಅಡಿಯಲ್ಲಿ, ಹಸಿರು ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಅತ್ತಿ ನಿಂತಿದ್ದಳು. ಪಕ್ಕದಲ್ಲಿ ನರ್ಸಬಾಯಿ.

"ನೀ ದಿನಾ ಹೇಳೂ ಅತ್ತಿನ್ನ ಒಮ್ಮೆರ ನೋಡಬೇಕು ಅನಸ್ತಿತ್ತಪಾ" ಎಂದಳು ನರ್ಸಬಾಯಿ. "ನಿನ್ನೇನ ತಿರ್ಲಾಪುರಕ್ಕ ಹೋಗಿ ಕರಕೊಂಡ ಬಂದ್ನಿ." ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಈಕೀನ ಆಕಿ? ರಾತ್ರಿ ನನ್ನ ಕಾಲ ಒತ್ತಿದಳಲ್ಲೋ."

ಅತ್ತಿಗೆ ಓದಲು ಬಾರದು. ಚಿತ್ರ ಕಾಣುತ್ತಿತ್ತು. "ಇದ್ಯಾಕಲೇ ಇಷ್ಟ್ ದೊಡ್ಡ ಕೀಲಿ ಹಾಕ್ಯಾರು? ಕೀಲಿ ಅಂಗಡಿಯವರೇನರ ಮಾಡಸ್ಯಾರೇನು?"

"ಅದು ಸುಮ್ನ ಬೇ ಅತ್ತಿ. ಚಂದ ಕಾಣ್ತೈತಿ ಅಂತ."

"ಚಂದ ಏನಿಲ್ಲ" ಎಂದು ಅವಳು ಒಳಗೆ ಹೋಗಿ ಮುಂದಿನ ಸಾಲಿನಲ್ಲಿ, ಸಂಬಂಧಿಕರಿಗೆಂದು ಬಿಟ್ಟ ಖಾಲಿ ಜಾಗದಲ್ಲಿ ಒಬ್ಬಳೇ ಕುಳಿತಳು.

ಬೀಗ ಹೇಳಿದರೆ ಅತ್ತಿಯ ಎದುರಿಗೇ ಅವಳನ್ನು ರಾಕ್ಷಸಿ ಮಾಡಿದಂತೆ. ಬೀಗ ಇರಲಿಲ್ಲವೆಂದರೆ ಹನ್ನೆರಡು ವರ್ಷ ಸುಳ್ಳು ಹೇಳಿದವನನ್ನು ಹಿರಿಯರು ಸಭಾಪಾಲಕನನ್ನಾಗಿ ಮಾಡುತ್ತಾರೆಯೇ? ಇದನ್ನು ನನ್ನಿಂದ ಕಸಿದುಕೊಳ್ಳಬೇಡ ಎಂದು ಬೇಡಿದ್ದನ್ನು ನಾನೇ ಕೈಯಾರೆ ಕಳೆದುಕೊಳ್ಳುವ ಹೊತ್ತು ಬಂದಿತ್ತು. ಹಾಡು ಮುಗಿಯಿತು. ಫ್ಯಾನು ಹಾಕಿದರು. ಎಲ್ಲರೂ ಅಳಲು ಶುರುಮಾಡಿದರು. ಹಾರ್ಮೋನಿಯಂನವನು ನನ್ನ ಕಡೆ ನೋಡಿ ತಯಾರಾದ.

ಎದ್ದುನಿಂತು ನಾನು ಹೇಳಿದೆ: ಬೀಗ ಇರಲಿಲ್ಲ. ಕತ್ತಲ ಕೋಣೆಯೂ ಇರಲಿಲ್ಲ. ಕಿರಣ ಬರಲಿಲ್ಲ, ದನಿ ಕೇಳಲಿಲ್ಲ. ಬಿಸಿಲಿಗೆ ಒಳಗೆ ಬಂದೆ, ನಿದ್ದೆ ಮಾಡಿದೆ, ನರ್ಸಬಾಯಿ ನನಗಾಗಿ ಹಸಿದು ಕಾದರು. ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಸಾಕ್ಷಿ ಹೇಳಿ ಹೇಳಿ ನನ್ನ ನಾಲಿಗೆಗೆ ರುಚಿ ಹತ್ತಿತ್ತು. ಮುಂದುವರಿದೆ. ನಮ್ಮ ಅತ್ತಿ ಎಂದೂ ನನ್ನನ್ನು ಕೂಡಿಹಾಕಲಿಲ್ಲ, ಹೂವಿನಂತೆ ನೋಡಿಕೊಂಡಳು, ನನ್ನ ಬಾಲ್ಯದಲ್ಲಿ ಯಾವ ಕೊರತೆಯೂ ಇರಲಿಲ್ಲ, ಅಂಥ ತಾಯಿಯ ಮೇಲೆ ನಾನು ಸುಳ್ಳು ಹೊರಿಸಿದೆ. ಹಾರ್ಮೋನಿಯಂನವನು ಎಲ್ಲಿ ನುಡಿಸಬೇಕೆಂದು ತಿಳಿಯದೆ ಎರಡು ಸಲ ಒತ್ತಿ ಬಿಟ್ಟ. ಹಿರಿಯರೊಬ್ಬರು ಇನ್ನೊಬ್ಬರ ಕಿವಿಯಲ್ಲಿ ಏನೋ ಹೇಳಿದರು. ಒಬ್ಬರೂ 'ಸ್ತೋತ್ರ' ಎನ್ನಲಿಲ್ಲ.

ಅಯ್ಯನವರು ಎದ್ದರು. ಅವರ ಮುಖ ಫ್ಲೆಕ್ಸಿನ ಮೇಲಿನ ನನ್ನ ಮುಖಕ್ಕಿಂತ ಕೆಂಪಾಗಿತ್ತು. ಆದರೆ ಪದ್ಧತಿ ಪದ್ಧತಿ, ಮುಂದಿನ ಪ್ರಶ್ನೆ ಕೇಳಲೇಬೇಕು. ಕೇಳಿದರು: ಇವರನ್ನು ಈ ಸೇವೆಗೆ ನೇಮಿಸಲು ಯಾರಿಗಾದರೂ ಅಡ್ಡಿ ಇದೆಯೋ?

"ಐತ್ರಿ."

ಅತ್ತಿ. ಪ್ರಶ್ನೆ ಕೇಳಿದರೆ ಉತ್ತರ ಹೇಳಬೇಕೆಂದು ತಿಳಿದ ಅತ್ತಿ, ಸೆರಗು ಸರಿಮಾಡಿಕೊಂಡು ಎದ್ದುನಿಂತಿದ್ದಳು. ನಮ್ಮ ಸಭೆಯಲ್ಲಿ ಅಲ್ಲಿಯವರೆಗೆ ಆ ಪ್ರಶ್ನೆಗೆ ಯಾರೂ ಉತ್ತರಿಸಿರಲಿಲ್ಲ. ಉತ್ತರ ಬಂದರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಅಯ್ಯನವರು ಕೈಯಲ್ಲಿದ್ದ ಹಾಳೆಯನ್ನು ತಿರುಗಿಸಿ ಹಿಂಬದಿಯಲ್ಲಿ ಏನಾದರೂ ಬರೆದಿದೆಯೋ ನೋಡಿದರು.

"ಹೇಳ್ರಿ ಯವ್ವಾ. ಏನ್ ಅಡ್ಡಿ?"

"ಇವ ಸುಳ್ಳ ಹೇಳಾಕತ್ತಾನ್ರಿ. ಕೂಡಿಹಾಕ್ತಿದ್ನಿ ನಾನು."

ನಾನು "ಅತ್ತಿ" ಎಂದೆ.

"ನೀ ಸುಮ್ಕಿರಲೇ, ನಿಂದ ಆತಲ್ಲ." ಅವಳು ಅಯ್ಯನವರ ಕಡೆ ತಿರುಗಿದಳು. "ಕೀಲಿ ಇರಲಿಲ್ರಿ. ಕೀಲಿ ಎಲ್ಲಿಂದ ತರೂದು? ಕಳ್ಳರು ಬಂದ್ರ ಅವ್ರ ಏನರ ಇಟ್ಟ ಹೋಗಬೇಕು, ಹಂಥಾ ಮನಿ. ಹಗ್ಗಾ ಕಟ್ತಿದ್ನಿ. ಬಾಜೂಕ ಬಾವಿ ಇತ್ತು, ಕಟ್ಟಿ ಹತ್ತತಿದ್ದ ಇವ. ಬಿಟ್ಟ ಹೋದ್ರ ಬೀಳತಿದ್ದ, ಹೊತಗೊಂಡ ಹೋದ್ರ ಹೊಲದಾಗ ಕೆಲಸಾ ಕೊಡತಿರಲಿಲ್ಲ. ಹಗ್ಗಾ ಕಟ್ಟಿ ಹೊಂಟ್ರ ಅಳತಿದ್ದ. ಊರ ಅಗಸಿ ಬಾಗಲ ತನಾ ಕೇಳಸತಿತ್ತು. ನಾ ಹೊಳ್ಳಿ ನೋಡತಿರಲಿಲ್ಲ." ನನ್ನ ಕಡೆ ಕೈ ತೋರಿಸಿದಳು. "ಹೂವಿನಂಗ ಏನ್ ನೋಡಕೊಂಡಿಲ್ಲ. ದೇವರ ಮನ್ಯಾಗ ಹಂಗ್ಯಾಕ ಹೇಳೂದು? ಅತ್ತದ್ದ ಖರೇ, ನಾ ಹೋಗಿದ್ದ ಖರೇ."

ಅಯ್ಯನವರು ಹಾಳೆಯನ್ನು ಮಡಚಿ ಕೇಳಿದರು:

"ಅಂದ್ರ... ಇವರು ಸಭಾಪಾಲಕರು ಆಗಬಾರದು ಅಂತೀರೇನು?"

"ಅಯ್ಯ, ಹಂಗ ಯಾರ ಅಂದ್ರು? ಅಡ್ಡಿ ಸುಳ್ಳಿಗೆ. ಅವ ಏನರ ಆಗಲಿ." ಕೂರಲು ಹೋದವಳು ಮತ್ತೆ ಎದ್ದಳು. "ಸಂಜಿಮುಂದ ಬಂದ ಬಾಗಲಾ ತಗದ್ರ, ಹತ್ತಿಕಾಯಿ ಸಾಲಾಗಿ ಕುಂದ್ರಸಿ ಅವರ ಕೂಡ ಮಾತಾಡ್ಕೋತ ಕುಂತಿರತಿದ್ದ. ಕುಂದ್ರಾಕ ಬರ್ತೈತ್ರಿ ಇವಗ."

ಹತ್ತಿಕಾಯಿ ಅವಳಿಗೆ ಗೊತ್ತಿತ್ತು. ನಾನು ಯಾರಿಗೂ ಹೇಳದೆ ಕಾಪಾಡಿಕೊಂಡು ಬಂದದ್ದು ಅದೊಂದೇ, ಅದನ್ನೂ ಅವಳು ಬಾಗಿಲಲ್ಲಿ ನಿಂತು ನೋಡಿದ್ದಳು. ಕೆಡಿಸದೆ ಒಂದು ಕ್ಷಣ ನಿಂತಿದ್ದಳೋ ಏನೋ. ಒಬ್ಬನೇ ಇದ್ದೆ ಎಂದು ನಾನು ಇಷ್ಟು ವರ್ಷ ಖಚಿತವಾಗಿ ನಂಬಿದ್ದ ಆ ಮನೆಯ ಬಾಗಿಲಲ್ಲಿ ಒಬ್ಬಳು ನಿಂತಿದ್ದಳು. ಕಣ್ಣಲ್ಲಿ ನೀರು ಸುರಿಯಿತು. ಮೆಣಸಿನಕಾಯಿ ಎಂದೇ ಬರೆಯುತ್ತೇನೆ.

ಹಿರಿಯರು ಹೊರಗೆ ಬೇವಿನಮರದ ಕೆಳಗೆ ಹೋಗಿ ಚರ್ಚೆ ಮಾಡಿದರು. ಒಳಗೆ ಒಂದು ಹಾಡು ಮೂರು ಸಲ ಹಾಡಿಸಿದರು. ಸುಳ್ಳು ಹೇಳಿದ್ದಕ್ಕೆ ಆರು ತಿಂಗಳು ಯಾವ ಕೂಟದಲ್ಲೂ ಸಾಕ್ಷಿ ಹೇಳಬಾರದು ಎಂದು ನನಗೆ ಶಿಕ್ಷೆಯಾಯಿತು. ಇದಕ್ಕಿಂತ ಒಳ್ಳೆಯ ಬಹುಮಾನ ನನಗೆ ಯಾರೂ ಕೊಟ್ಟಿಲ್ಲ. ಆಮೇಲೆ ತಲೆಯ ಮೇಲೆ ಕೈಯಿಟ್ಟರು. ಅಯ್ಯನವರ ಕೈ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಒತ್ತಿ ಕೂತಿತ್ತು.

ಊಟದ ಹೊತ್ತಿಗೆ ಅತ್ತಿಗೆ ನಿದ್ದೆ ಬಂತು, ನಾನು ಎರಡು ತಾಟು ಮುಚ್ಚಿಟ್ಟುಕೊಂಡು ಕಾದೆ, ಎಂದು ಬರೆಯಲು ಕೈ ತುರಿಸುತ್ತಿದೆ. ಹಾಗಾಗಲಿಲ್ಲ. ಜನರಿಂದ ಬಿಡಿಸಿಕೊಂಡು ನಾನು ಹೊರಗೆ ಬರುವಷ್ಟರಲ್ಲಿ ಅವಳು ಮೊದಲ ಪಂಕ್ತಿಯಲ್ಲಿ ಕುಳಿತು ಎರಡು ಸಲ ಹುಗ್ಗಿ ಹಾಕಿಸಿಕೊಂಡು ಉಂಡಾಗಿತ್ತು.

"ಸಾರಿಗೆ ಉಪ್ಪ ಇಲ್ಲ" ಎಂದಳು. "ಇದಕ್ಕ ಹೋಗಿದ್ದೇನ್ ನೀ?"

ಬಸ್ಸಿಗೆ ಹೊರಟಾಗ ಬಾಗಿಲಲ್ಲಿ ನಿಂತು ಮೇಲಿನ ಫ್ಲೆಕ್ಸು ನೋಡಿದಳು. "ಅದನ್ನೇನ್ ಮಾಡ್ತಾರು ಈಗ?"

"ಬಿಚ್ಚಿ ತಿಪ್ಪಿಗೆ ಒಗೀತಾರ."

"ಒಗ್ಯಾಕ ಏನಾಗೇತಿ? ದಪ್ಪ ಐತಿ. ಬಿಚ್ಚಿ ಕೊಡು."

ತಿರ್ಲಾಪುರಕ್ಕೆ ಹೋದಾಗ ನಾನು ಬಾಗಿಲನ್ನು ಪರೀಕ್ಷಿಸಿದೆ, ಹಗ್ಗದ ಗುರುತೋ ಬೀಗದ ಕೊಂಡಿಯ ಗುರುತೋ ನೋಡಲು. ಎರಡು ವರ್ಷದ ಹಿಂದೆ ಬಾಗಿಲೇ ಬದಲಾಗಿತ್ತು. ಹಳೆಯದನ್ನು ಒಲೆಗೆ ಹಾಕಿದೆ ಎಂದಳು. ಕಬ್ಬಿಣದ ರುಚಿ ನಾಲಿಗೆಯಿಂದ ಹೋಗಿಲ್ಲ.

ಹಿತ್ತಲಲ್ಲಿ ಕಟ್ಟಿಗೆಯ ರಾಶಿಯ ಮೇಲೆ ಫ್ಲೆಕ್ಸು ಹೊದಿಸಿದ್ದಾಳೆ, ಮಳೆಗೆ ನೆನೆಯದಿರಲೆಂದು. ಬಿಸಿಲಿಗೆ ನನ್ನ ಮುಖ ಪೂರ್ತಿ ಬಿಳಿಚಿದೆ. ಬೀಗ ಇನ್ನೂ ಹೊಸದಾಗಿ ಹೊಳೆಯುತ್ತಿದೆ. ಫ್ಲೆಕ್ಸಿನ ನಾಲ್ಕೂ ಮೂಲೆಗೆ ಅತ್ತಿ ಹಗ್ಗ ಕಟ್ಟಿದ್ದಾಳೆ.